ನಿಧಾನ ನಡೆಯುವವರು ಮುಂದಿರಲಿ

ನಾನು ಚಿಕ್ಕವಳಿದ್ದಾಗ ಒಂದು ಶನಿವಾರ ನಮ್ಮ ಹಳ್ಳಿಯ ಇಪ್ಪತ್ತೈದು ಜನ ಅಮೆರಿಕಕ್ಕೆ ಹೊರಟವರ ಹಾಗೆ ವೇಷ ಹಾಕಿಕೊಂಡು ಹದಿನೈದು ಕಿಲೋಮೀಟರ್ ನಡೆದರು. ಅಮೆರಿಕಕ್ಕೆ ಯಾರೂ ಹೋಗಲಿಲ್ಲ. ಸಂಜೆ ಎಲ್ಲರೂ ಕಾರು ಹತ್ತಿ ಮನೆಗೆ ಬಂದರು. ಆ ಇಪ್ಪತ್ತೈದು ಜನರಲ್ಲಿ ನಾನು, ಅಪ್ಪ ಮತ್ತು ಅಕ್ಕ ಇದ್ದೆವು. ನನಗೆ ಆಗ ಎಂಟು ವರ್ಷ, ಅಕ್ಕನಿಗೆ ಹದಿಮೂರು.

ನಮ್ಮ ಹಳ್ಳಿ ಎಂದರೆ ಸ್ವೀಡನ್ನಿನ ಶೋವ್ಡೆ ಪಟ್ಟಣದ ಹತ್ತಿರ ಇದ್ದ ಒಂದು ಸಣ್ಣ ಊರು. ಅಪ್ಪ ಶೋವ್ಡೆಯಲ್ಲಿ ಕಾರಿನ ಎಂಜಿನ್ ಮಾಡುವ ಕಾರ್ಖಾನೆಗೆ ಸೇರಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ನಾವು ಮಂಗಳೂರಿನಲ್ಲಿದ್ದೆವು. ನಾವು ಕ್ರೈಸ್ತರು. ಭಾನುವಾರ ಆರಾಧನೆ ತಪ್ಪಿಸುವುದು ಅಪ್ಪನಿಗೆ ಆಗದ ಮಾತು. ಹಳ್ಳಿಯಲ್ಲಿ ಹಲಗೆಯಿಂದ ಕಟ್ಟಿ ಬಿಳಿ ಬಣ್ಣ ಬಳಿದ ಒಂದು ಪುಟ್ಟ ಪ್ರಾರ್ಥನಾ ಮಂದಿರವಿತ್ತು. ನಾವು ಪ್ರತಿ ವಾರ ಅಲ್ಲಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತು ಬರುತ್ತಿದ್ದೆವು. ಅಲ್ಲಿಯ ಜನ ಬಾಗಿಲಲ್ಲಿ ಕೈ ಕುಲುಕುತ್ತಿದ್ದರು, ಚಳಿಯ ಬಗ್ಗೆಯೋ ಬಿಸಿಲಿನ ಬಗ್ಗೆಯೋ ಒಂದು ಮಾತಾಡುತ್ತಿದ್ದರು, ಅಷ್ಟೇ. ಎರಡು ವರ್ಷದಲ್ಲಿ ಒಬ್ಬರೂ ನಮ್ಮನ್ನು ಮನೆಗೆ ಕಾಫಿಗೆ ಕರೆದಿರಲಿಲ್ಲ. ಅಮ್ಮನಿಗೆ ಇದು ಬೇಸರವೇ ಆಗಿತ್ತು. ಅಪ್ಪ ಮಾತ್ರ, ಈ ಊರಿನವರು ನಿಧಾನ, ಕೆಟ್ಟವರಲ್ಲ ಎಂದು ಹೇಳುತ್ತಿದ್ದರು.

ನಮ್ಮೊಂದಿಗೆ ಬಾಯಿ ಬಿಟ್ಟು ಮಾತಾಡುತ್ತಿದ್ದವರು ಪಕ್ಕದ ಹಳದಿ ಮನೆಯ ಮುದುಕಿ ಒಬ್ಬರೇ. ಅಲ್ಲಿ ಮಕ್ಕಳು ವಯಸ್ಸಾದ ಹೆಂಗಸರನ್ನು ‘ಟಾಂಟ್’ ಎನ್ನುತ್ತಿದ್ದರು, ನಾವು ಅತ್ತೆ ಎಂದು ಕರೆದ ಹಾಗೆ. ಟಾಂಟ್‌ಗೆ ಎಪ್ಪತ್ತು ದಾಟಿತ್ತು. ಒಲೆಯ ಹೊಗೆ ಮತ್ತು ಏಲಕ್ಕಿ ಬನ್ನಿನ ವಾಸನೆ ಅವರ ಸ್ವೆಟರಿನಲ್ಲಿ ಸದಾ ಇರುತ್ತಿತ್ತು. ಬೇಲಿಯ ಆ ಕಡೆ ನಿಂತು ಅಮ್ಮನಿಗೆ ಆಲೂಗಡ್ಡೆ ನೆಡುವುದು ಹೇಗೆ, ಹಿಮ ಬೀಳುವ ಮೊದಲು ಕಿಟಕಿ ಸಂದಿಗೆ ಏನು ತುರುಕಬೇಕು ಎಂದೆಲ್ಲ ಹೇಳಿಕೊಡುತ್ತಿದ್ದರು. ಅಮ್ಮನಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಅಕ್ಕ ಹೇಳುತ್ತಿದ್ದಳು.

ಆ ನಡಿಗೆಗೆ ಕಾರಣವಾದದ್ದು ಟಾಂಟ್ ಮನೆಯಲ್ಲಿದ್ದ ಒಂದು ಹಳೆಯ ಕಾಗದ. ಅವರ ಅಜ್ಜನ ಅಣ್ಣ ಬಡಗಿಯಾಗಿದ್ದನಂತೆ. ಅವನ ಕಾಲದಲ್ಲಿ ಸ್ವೀಡನ್ನಿನಲ್ಲಿ ಪಾದ್ರಿ ಇಲ್ಲದೆ ಜನ ಮನೆಯಲ್ಲಿ ಕೂಡಿ ಬೈಬಲ್ ಓದುವುದು ಕಾನೂನಿಗೆ ವಿರುದ್ಧವಾಗಿತ್ತು. ಬಡಗಿ ಮತ್ತು ಅವನ ನೆರೆಯವರು ಅಡುಗೆಮನೆಯಲ್ಲಿ ಕುಳಿತು ಓದಿದರು. ಸಿಕ್ಕಿಬಿದ್ದವರನ್ನು ಜೈಲಿಗೆ ಹಾಕಿ ಬರೀ ಬ್ರೆಡ್ಡು ನೀರು ಕೊಟ್ಟರು. ಆಮೇಲೆ ಅವರಲ್ಲಿ ಹಲವರು, ಇಲ್ಲಿ ಬೇಡ ಎಂದು ಪಶ್ಚಿಮಕ್ಕೆ, ಅಮೆರಿಕಕ್ಕೆ ಹೊರಟರು. ಬಡಗಿ ಮೊದಲ ಗುಂಪಿನಲ್ಲಿ ಹೋದ. ತಲುಪಿದ ಮೇಲೆ, ಹಿಂದಿನಿಂದ ಬರುವವರಿಗೆ ದಾರಿಯ ಬುದ್ಧಿಮಾತು ಬರೆದು ಕಳಿಸಿದ. ಅದೇ ಆ ಕಾಗದ.

ಆ ವರ್ಷ ಮಂದಿರದ ಪಾಸ್ಟರ್‌ಗೆ ಒಂದು ಯೋಚನೆ ಬಂತು. ಹಿಂದಿನವರು ನಡೆದ ದಾರಿಯ ಮೊದಲ ದಿನದ ಪಯಣವನ್ನು ನಾವೂ ನಡೆಯೋಣ, ಮಂದಿರದಿಂದ ದೊಡ್ಡ ಸರೋವರದ ದೋಣಿಕಟ್ಟೆಯವರೆಗೆ ಎಂದರು. ಹಿಂದಿನವರು ಅಲ್ಲಿಂದ ದೋಣಿ ಹತ್ತಿ ಗೋಥೆನ್‌ಬರ್ಗ್ ಬಂದರಿಗೆ ಹೋಗುತ್ತಿದ್ದರು. ನಾವು ಅಲ್ಲಿ ಕಾಫಿ ಕುಡಿದು ವಾಪಸ್ಸು ಬರುವುದು ಎಂದಾಯಿತು. ಅಪ್ಪ ಮೊದಲ ದಿನವೇ ಹೆಸರು ಕೊಟ್ಟರು.

ಹಿಂದಿನ ದಿನ ಟಾಂಟ್ ಆ ಕಾಗದದ ನಕಲನ್ನು ಅಪ್ಪನಿಗೆ ಕೊಟ್ಟರು. ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಅಪ್ಪ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ದೇವರ ಹೆಸರು ಮೇಲ್ಗಡೆ ಒಂದು ಸಲ ಬಂದಿತ್ತು. ಅದರ ಕೆಳಗೆ ಪೂರಾ ಕೆಲಸದ ಮಾತು. ಇಬ್ಬರು ಎತ್ತಬೇಕಾದ ಪೆಟ್ಟಿಗೆ ತರಬೇಡಿ, ಆ ಎರಡನೆಯವನು ಕಾಯಿಲೆ ಬಿದ್ದರೆ ಏನು ಮಾಡುತ್ತೀರಿ? ಕೊಡಲಿಯ ಕಬ್ಬಿಣ ತನ್ನಿ, ಹಿಡಿ ಅಲ್ಲೇ ಬಿಡಿ, ಇಲ್ಲಿ ಮರಕ್ಕೆ ಬರವಿಲ್ಲ. ಬ್ರೆಡ್ಡನ್ನು ಎರಡು ಸಲ ಒಣಗಿಸಿ. ಹಡಗಿನ ನೀರು ನಾರುತ್ತದೆ, ಅದಕ್ಕೆ ಸ್ವಲ್ಪ ವಿನೆಗರ್ ಹಾಕಿ ಕುಡಿಯಿರಿ. ಬಂದರಿನಲ್ಲಿ ನಿಮ್ಮ ಭಾಷೆಯನ್ನೇ ಆಡುತ್ತ ನಗುತ್ತ ಬರುವವನ ಕೈಗೆ ಪೆಟ್ಟಿಗೆ ಕೊಡಬೇಡಿ. ಬ್ರೆಡ್ಡಿನ ಮಾತು ಬಂದಾಗ ಅಮ್ಮ, ನಮ್ಮೂರಲ್ಲಿ ಮಳೆಗಾಲಕ್ಕೆ ಮೀನು ಒಣಗಿಸಿ ಇಟ್ಟ ಹಾಗೇ ಆಯಿತಲ್ಲ ಎಂದಳು.

ನಡಿಗೆಯ ಬಗ್ಗೆ ಬೇರೆಯೇ ಒಂದು ಭಾಗವಿತ್ತು. ಹೊಸ ಬೂಟು ಹಾಕಿ ಹೊರಡಬೇಡಿ. ನಿಧಾನ ನಡೆಯುವವರು ಮುಂದಿರಲಿ, ಗಟ್ಟಿಗರು ಹಿಂದಿರಲಿ. ನಿಂತಲ್ಲೆಲ್ಲ ತಲೆ ಎಣಿಸಿ. ಮಂಜಿನಲ್ಲೋ ಕಾಡಿನಲ್ಲೋ ದಾರಿ ತಪ್ಪಿದವನು ಒಣನೆಲ ನೋಡಿ ಕೂರಲಿ, ಕೂತಲ್ಲಿಂದ ಏಳದಿರಲಿ. ಒಂದು ಚರಣ ಹಾಡಲಿ, ಮತ್ತೆ ಅಷ್ಟೇ ಹೊತ್ತು ಬಾಯಿ ಮುಚ್ಚಿ ಕೇಳಲಿ. ಸುಮ್ಮನೆ ಕೂಗುತ್ತಲೇ ಇರುವವನಿಗೆ ಹುಡುಕುವವರ ದನಿ ಕೇಳುವುದಿಲ್ಲ.

“ಹಳೇ ಬೂಟು ಹಾಕಿ, ಆಯ್ತಾ?” ಎಂದು ಅಪ್ಪ ಕಾಗದ ಮಡಚುತ್ತ ನಮ್ಮಿಬ್ಬರಿಗೂ ಹೇಳಿದರು.

ಅಕ್ಕ ತಲೆಯಾಡಿಸಿದಳು. ಆದರೆ ಬೆಳಿಗ್ಗೆ ಅವಳ ಕಾಲಲ್ಲಿದ್ದದ್ದು ಶಾಲೆ ಶುರುವಾಗುವುದಕ್ಕೆಂದು ಅಮ್ಮ ಕೊಡಿಸಿದ್ದ ಕಂದು ಚರ್ಮದ ಹೊಸ ಬೂಟು. ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆ ಎಂದು ಶಾಲೆಯಲ್ಲಿ ಸುದ್ದಿಯಾಗಿತ್ತು. ಅವಳ ತರಗತಿಯ ಹುಡುಗಿಯರೂ ಆ ಫೋಟೋ ನೋಡುವವರಿದ್ದರು. ಉದ್ದ ಉಣ್ಣೆಲಂಗದ ಕೆಳಗೆ ಬೂಟು ಅಪ್ಪನ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು. ನಾನು ಹೇಳಲಿಲ್ಲ.

ಆಗಸ್ಟ್ ತಿಂಗಳ ಕೊನೆ. ಮಂದಿರದ ಅಂಗಳದಲ್ಲಿ ಹುಲ್ಲು ಒದ್ದೆಯಾಗಿತ್ತು. ಕುದುರೆಗಾಡಿಯಲ್ಲಿ ಹಳೆಯ ಮರದ ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿದಿದ್ದರು. ಗಂಡಸರು ಕರಿಯ ಹ್ಯಾಟು, ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಎಲ್ಲರಿಂದಲೂ ಪೆಟ್ಟಿಗೆಯೊಳಗಿನ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಅಮ್ಮ ನಮ್ಮ ಚೀಲಕ್ಕೆ ಸಕ್ಕರೆ ತುಪ್ಪ ಹಚ್ಚಿ ಸುತ್ತಿದ ಚಪಾತಿ ಹಾಕಿದಳು. ಅವಳು ಬೇರೆ ಹೆಂಗಸರೊಂದಿಗೆ ಕಾರಿನಲ್ಲಿ ದೋಣಿಕಟ್ಟೆಗೆ ಹೋಗಿ ಕಾಫಿ ಸಿದ್ಧ ಮಾಡುವವಳಿದ್ದಳು.

ಪತ್ರಿಕೆಯ ಫೋಟೋಗ್ರಾಫರ್ ಬಂದು ಸಾಲನ್ನೇ ಬದಲಿಸಿದ. ಚೆನ್ನಾಗಿ ವೇಷ ಹಾಕಿದವರು ಮುಂದೆ ಬೇಕು ಎಂದ. ಅಪ್ಪನನ್ನು ನೋಡಿದವನೇ ಕೈ ಹಿಡಿದು ಗಾಡಿಯ ಪಕ್ಕಕ್ಕೆ ನಿಲ್ಲಿಸಿದ. ಸ್ವೀಡನ್ನಿನ ಹಳೆಯ ಕೋಟು ತೊಟ್ಟ ಇಂಡಿಯಾದ ಮನುಷ್ಯ ಅವನಿಗೆ ಬಹಳ ಹಿಡಿಸಿದ್ದ. ಮಕ್ಕಳು ಹಿಂದೆ ಹೋಗಲಿ ಎಂದ. ಗಾಡಿಯ ಮೇಲೆ ಕೂತಿದ್ದ ಟಾಂಟ್ ಗಟ್ಟಿಯಾಗಿಯೇ ಹೇಳಿದರು: “ನಿಧಾನ ನಡೆಯುವವರು ಮುಂದೆ ಎಂದು ಬರೆದಿದೆ.” ಫೋಟೋ ಆದ ಮೇಲೆ ಸರಿ ಮಾಡೋಣ ಎಂದರು ಪಾಸ್ಟರ್. ಫೋಟೋ ಆಯಿತು. ಕುದುರೆ ಹೊರಟಿತು. ಸಾಲು ಇದ್ದ ಹಾಗೇ ಹೊರಟಿತು.

ಮೊದಲ ಎರಡು ಗಂಟೆ ಕಾಡಿನ ದಾರಿ. ಬಿಸಿಲು ಪೈನ್ ಮರಗಳ ನಡುವೆ ಪಟ್ಟಿ ಪಟ್ಟಿಯಾಗಿ ಬೀಳುತ್ತಿತ್ತು. ದಾರಿಯ ಬದಿಯಲ್ಲಿ ಲಿಂಗೋನ್ ಎನ್ನುವ ಸಣ್ಣ ಕೆಂಪು ಕಾಡುಹಣ್ಣು ಮಾಗಿತ್ತು. ನಾನು ಕಿತ್ತು ಬಾಯಿಗೆ ಹಾಕಿಕೊಂಡೆ, ಎಳೆ ಹುಣಸೆಯಷ್ಟು ಹುಳಿ. ಅಕ್ಕ ಆಮೇಲೆ ಕುಂಟತೊಡಗಿದಳು. ಕಾಡು ಮುಗಿದು ಜೌಗುನೆಲ ಶುರುವಾದಲ್ಲಿ ಅವಳು ಒಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದು, ಕಾಲುಚೀಲ ರಕ್ತದಿಂದ ಅಂಟಿಕೊಂಡಿತ್ತು. ಅಪ್ಪನನ್ನು ಕರೆಯುತ್ತೇನೆ ಎಂದೆ. ಬೇಡ ಎಂದಳು, ಬಯ್ಯುತ್ತಾರೆ. ಚಪಾತಿಗೆ ಸುತ್ತಿದ್ದ ಬಟ್ಟೆಯನ್ನು ಹಿಮ್ಮಡಿಗೆ ಕಟ್ಟಿ ಮತ್ತೆ ಬೂಟು ಹಾಕಿಕೊಳ್ಳುವಷ್ಟರಲ್ಲಿ ಸಾಲು ದೂರ ಹೋಗಿತ್ತು. ನಮ್ಮ ಹಿಂದೆ ಯಾರೂ ಇರಲಿಲ್ಲ.

ಗಾಡಿದಾರಿ ಜೌಗನ್ನು ಬಳಸಿಕೊಂಡು ದೊಡ್ಡ ಸುತ್ತು ಹೊಡೆಯುತ್ತಿತ್ತು. ಆ ಕಡೆಯ ದಡದಲ್ಲಿ ಕುದುರೆಗಾಡಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಾವು ನಿಂತಲ್ಲಿಂದ ನೇರ ಜೌಗಿನ ನಡುವೆ ಎರಡು ಹಲಗೆ ಅಗಲದ ಕಾಲುದಾರಿ ಹೋಗಿತ್ತು. ಹಿಂದೆ ಉರುವಲಿಗೆ ಜೌಗಿನ ಮಣ್ಣು ಕಡಿಯುತ್ತಿದ್ದವರು ಹಾಕಿದ್ದು.

ಮನೆಯ ಹೊರಗೆ ಅಕ್ಕ ನನ್ನೊಂದಿಗೆ ಸ್ವೀಡಿಷ್ ಭಾಷೆಯಲ್ಲೇ ಮಾತಾಡುತ್ತಿದ್ದಳು. ಹೀಗೆ ಹೋದರೆ ಅವರಿಗಿಂತ ಮೊದಲೇ ತಲುಪುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ನನಗೂ ಅದು ಸರಿ ಅನ್ನಿಸಿತು.

ಹಲಗೆಗಳು ಒದ್ದೆಯಾಗಿ ಬೂದುಬಣ್ಣಕ್ಕೆ ತಿರುಗಿದ್ದವು. ಹೆಜ್ಜೆ ಇಟ್ಟಾಗ ಒಂದು ಬದಿ ತಗ್ಗಿ, ಕೆಳಗಿನಿಂದ ಕಂದು ನೀರು ಚಿಮ್ಮುತ್ತಿತ್ತು. ಕೊಳೆತ ಎಲೆಯ, ತಣ್ಣನೆ ಕಬ್ಬಿಣದ ವಾಸನೆ. ಅರ್ಧ ದಾರಿ ಹೋಗಿರಬೇಕು, ಸರೋವರದ ಕಡೆಯಿಂದ ಮಂಜು ಬಂತು. ಮಂಗಳೂರಿನ ಮಳೆ ಬರುವಾಗ ದೂರದಿಂದ ಸದ್ದು ಮಾಡುತ್ತ ಬರುತ್ತದೆ. ಈ ಮಂಜು ಸದ್ದೇ ಇಲ್ಲದೆ ಬಂತು. ಮೊದಲು ಗಾಡಿ ಕಾಣೆಯಾಯಿತು, ಆಮೇಲೆ ದಡ, ಆಮೇಲೆ ನಮ್ಮ ಮುಂದಿನ ಹಲಗೆ. ನಾವು ಕೈ ಹಿಡಿದುಕೊಂಡು ಬೇಗ ಬೇಗ ನಡೆದೆವು. ಬೇಗ ನಡೆದದ್ದೇ ತಪ್ಪಾಯಿತು. ಒಂದು ಕಡೆ ಹಲಗೆಗಳು ಕೊಳೆತು ಮುಗಿದುಹೋಗಿದ್ದವು. ಮುಂದೆ ಇನ್ನೊಂದು ಹಲಗೆ ಇದ್ದೀತು ಎಂದು ನಾನು ಹುಲ್ಲಿನ ಗುಪ್ಪೆಯಿಂದ ಗುಪ್ಪೆಗೆ ಹಾರಿದೆ, ಅಕ್ಕ ಹಿಂದೆ ಬಂದಳು. ಐದಾರು ಗುಪ್ಪೆ ಆಗಿರಬಹುದು. ನಂತರದ್ದು ಗುಪ್ಪೆಯಲ್ಲ, ಬರೀ ಪಾಚಿ.

ನನ್ನ ಬಲಗಾಲು ಮಂಡಿಯ ಮೇಲಿನ ತನಕ ಒಳಗೆ ಹೋಯಿತು. ಕೆಳಗೆ ನೆಲ ಸಿಗಲಿಲ್ಲ. ನೀರು ಎಷ್ಟು ತಣ್ಣಗಿತ್ತೆಂದರೆ ಕೂಗಲು ಉಸಿರೇ ಬರಲಿಲ್ಲ. ಅಕ್ಕ ಹೊಟ್ಟೆಯ ಮೇಲೆ ಮಲಗಿ ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದಳು. ಕಾಲು ಬಂತು. ಬೂಟು ಅಲ್ಲೇ ಉಳಿಯಿತು. ಹತ್ತಿರದಲ್ಲಿ ಒಂದು ಕುಳ್ಳ ಪೈನ್ ಗಿಡ ಬೆಳೆದ ದಿಬ್ಬವಿತ್ತು, ಚಾಪೆಯಷ್ಟು ಅಗಲ. ಅದರ ಮೇಲೆ ತೆವಳಿ ಹೋಗಿ ಕೂತೆವು. ಹಿಂದೆ ತಿರುಗಿ ನೋಡಿದರೆ ಹಲಗೆ ಕಾಣಲಿಲ್ಲ. ಎಲ್ಲಿ ನೋಡಿದರೂ ಬಿಳಿ.

ಅಕ್ಕ ಅತ್ತಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅವಳು ಎದ್ದು ಹಲಗೆ ಹುಡುಕಲು ಹೊರಟಳು. ನಾನು ಅವಳ ಲಂಗ ಬಿಡಲಿಲ್ಲ. ಏಳಬಾರದು ಅಂತ ಬರೆದಿದೆ ಎಂದೆ. ಕೂತು ಹಾಡಬೇಕು.

“ಎಂಥ ಹಾಡುವುದು ಈಗ?” ಎಂದಳು ಅಕ್ಕ. ಕನ್ನಡದಲ್ಲೇ ಅಂದಳು.

ಶಾಲೆಯಲ್ಲಿ ಕಲಿತ ಹಾಡುಗಳು ಒಂದೂ ನೆನಪಿಗೆ ಬರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ದಿನಾ ರಾತ್ರಿ ಊಟಕ್ಕೆ ಮೊದಲು ಮನೆಯಲ್ಲಿ ಹೇಳುತ್ತಿದ್ದ ಸಂಜೆಯ ಪ್ರಾರ್ಥನೆ ಹಾಡು. ನಮ್ಮ ಮುತ್ತಜ್ಜನ ಕಾಲದಲ್ಲಿ ಜರ್ಮನಿಯಿಂದ ಬಂದ ಪಾದ್ರಿಗಳು ಅವರ ದೇಶದ ರಾಗಕ್ಕೆ ಕನ್ನಡದ ಮಾತು ಜೋಡಿಸಿದ್ದು ಎಂದು ಅಪ್ಪ ಹೇಳಿದ್ದರು. ಅಕ್ಕ ಶುರುಮಾಡಿದಳು, ನಾನು ಸೇರಿದೆ. ಒಂದು ಚರಣ ಮುಗಿಸಿ ಬಾಯಿ ಮುಚ್ಚಿದೆವು.

ಹಾಡುವುದು ಸುಲಭವಿತ್ತು. ಸುಮ್ಮನಿರುವುದೇ ಕಷ್ಟ. ಸುಮ್ಮನಾದ ಕೂಡಲೇ ಪಾಚಿಯೊಳಗೆ ನೀರು ಗುಳುಗುಳು ಅನ್ನುವುದು, ನನ್ನದೇ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಅಕ್ಕ ಬೆರಳಿನಲ್ಲಿ ಎಣಿಸುತ್ತಿದ್ದಳು. ಮತ್ತೆ ಹಾಡಿದೆವು. ಮತ್ತೆ ಸುಮ್ಮನಾದೆವು. ಎಷ್ಟು ಸಲ ಎಂದು ಗೊತ್ತಿಲ್ಲ. ಅಕ್ಕ ತನ್ನ ಒಣ ಕಾಲುಚೀಲವನ್ನು ಬಿಚ್ಚಿ ನನ್ನ ಬರಿಗಾಲಿಗೆ ಹಾಕಿದಳು.

ಆ ಹೊತ್ತಿಗೆ ದಡದಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಮಂಜು ಬಂದ ಕೂಡಲೇ ಟಾಂಟ್ ಗಾಡಿ ನಿಲ್ಲಿಸಲು ಹೇಳಿ ತಲೆ ಎಣಿಸಿದರು. ಇಪ್ಪತ್ತಮೂರು. ಮತ್ತೆ ಎಣಿಸಿದರು, ಇಪ್ಪತ್ತಮೂರು. ಅಪ್ಪ ದಾರಿಯುದ್ದಕ್ಕೂ ಹಿಂದಕ್ಕೆ ಓಡಿದರು, ಉಳಿದವರು ಗಾಡಿ ತಿರುಗಿಸಿಕೊಂಡು ಅವರ ಹಿಂದೆ ಬಂದರು. ಹಲಗೆದಾರಿ ಶುರುವಾಗುವಲ್ಲಿ ಅವರಿಗೆ ಚಪಾತಿಯ ತುಂಡು ಸಿಕ್ಕಿತು. ಅಲ್ಲಿ ನಿಂತಾಗ ದನಿ ಕೇಳಿತು, ಆದರೆ ಮಂಜಿನಲ್ಲಿ ದನಿ ಯಾವ ದಿಕ್ಕಿನದೆಂದು ತಿಳಿಯಲಿಲ್ಲ. ನೇರ ನುಗ್ಗಲು ಹೊರಟ ಅಪ್ಪನನ್ನು ಪಾಸ್ಟರ್ ತಡೆದರು. ಪೆಟ್ಟಿಗೆಗಳ ಹಗ್ಗ ಬಿಚ್ಚಿ ಅಪ್ಪನ ಸೊಂಟಕ್ಕೆ ಕಟ್ಟಿದರು. ಹತ್ತು ಹೆಜ್ಜೆಗೆ ಒಬ್ಬರಂತೆ ಜನ ಹಲಗೆಗಳ ಮೇಲೆ ಸಾಲಾಗಿ ನಿಂತರು. ಹಾಡಿ, ಅವರಿಗೆ ಹಿಂದೆ ಬರುವ ದಾರಿ ಗೊತ್ತಾಗಲಿ ಎಂದು ಟಾಂಟ್ ಗಾಡಿಯ ಮೇಲಿನಿಂದ ಕೂಗಿದರು. ಯಾವ ಹಾಡು ಎಂದು ಯಾರೂ ಕೇಳಬೇಕಾಗಲಿಲ್ಲ. ಮಂಜಿನೊಳಗಿಂದ ಕೇಳುತ್ತಿದ್ದ ನಮ್ಮ ಹಾಡಿನ ರಾಗ ಅವರಿಗೂ ಗೊತ್ತಿತ್ತು. ಸಂಜೆಯ ಹಾಡಾದ್ದರಿಂದ ಭಾನುವಾರ ಬೆಳಗಿನ ಆರಾಧನೆಯಲ್ಲಿ ಅದನ್ನು ಹಾಡುತ್ತಿರಲಿಲ್ಲ, ಅದಕ್ಕೇ ಎರಡು ವರ್ಷವಾದರೂ ನಮಗೆ ತಿಳಿದಿರಲಿಲ್ಲ.

ನಾವು ಸುಮ್ಮನೆ ಕೂತಿದ್ದ ಒಂದು ಸರದಿಯಲ್ಲಿ ಅದು ಕೇಳಿತು. ನಮ್ಮ ರಾಗ, ಸ್ವೀಡಿಷ್ ಮಾತು, ತುಂಬ ಜನರ ದನಿ. ಅಕ್ಕ ನನ್ನ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದಳು. ಅವರು ನಿಲ್ಲಿಸಿದಾಗ ನಾವು ಹಾಡಿದೆವು. ನಾವು ನಿಲ್ಲಿಸಿದಾಗ ಅವರು ಹಾಡಿದರು. ಕೊನೆಗೆ ಮಂಜಿನೊಳಗೆ ಕಪ್ಪಗೆ ಏನೋ ಅಲುಗಿತು. ಅಪ್ಪ ಉದ್ದದ ಕೋಲಿನಿಂದ ನೆಲ ತಿವಿದು ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಸೊಂಟದ ತನಕ ಒದ್ದೆ. ಹ್ಯಾಟು ಎಲ್ಲೋ ಬಿದ್ದಿತ್ತು.

ಅವರು ನನ್ನನ್ನು ಬೆನ್ನಿಗೆ ಹಾಕಿಕೊಂಡರು, ಅಕ್ಕನ ಕೈಯನ್ನು ಹಗ್ಗದ ಮೇಲಿಟ್ಟರು. ಬಯ್ಯುತ್ತಾರೆ ಎಂದು ನಾವು ಕಾದೆವು.

“ಎರಡನೇ ಸಾಲು ಬಿಟ್ಟು ಹಾಡಿದ್ರಿ ನೀವು,” ಎಂದರು ಅಪ್ಪ.

ಕೋಲಿನಿಂದ ನೆಲ ತಿವಿಯುತ್ತಲೇ ಹಲಗೆಗಳ ಕಡೆಗೆ ತಿರುಗಿದರು. ಅವರ ಬೆನ್ನು ನಡುಗುವುದು ನನ್ನ ಎದೆಗೆ ತಿಳಿಯುತ್ತಿತ್ತು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ನನ್ನ ತಲೆಯನ್ನೋ ಕಾಲನ್ನೋ ಮುಟ್ಟುತ್ತ ನಮ್ಮನ್ನು ದಾಟಿಸಿದರು. ಬಾಗಿಲಲ್ಲಿ ಕೈ ಕುಲುಕಿ ಚಳಿಯ ಮಾತಾಡುತ್ತಿದ್ದವರು ಅವರೇ. ದಡಕ್ಕೆ ಬಂದ ಮೇಲೆ ಪಾಸ್ಟರ್ ಅಪ್ಪನ ಎದುರು ನಿಂತು, ಸಾಲು ಸರಿಮಾಡುತ್ತೇನೆಂದು ಹೇಳಿ ಮಾಡದೆ ಇದ್ದದ್ದು ನನ್ನ ತಪ್ಪು ಎಂದರು. ಅಪ್ಪ, ಫೋಟೋಗೆ ನಿಂತದ್ದು ನಾನೂ ಅಲ್ಲವೇ ಎಂದರು.

ದೋಣಿಕಟ್ಟೆಯವರೆಗೆ ಉಳಿದ ದಾರಿಯನ್ನು ನಾವಿಬ್ಬರೂ ಟಾಂಟ್ ಪಕ್ಕದಲ್ಲಿ, ಕುದುರೆಯ ಕಂಬಳಿ ಹೊದ್ದು ಗಾಡಿಯಲ್ಲಿ ಕೂತು ಹೋದೆವು. ಕಟ್ಟೆಯಲ್ಲಿ ಅಮ್ಮ ನಮ್ಮ ಕಾಲು ನೋಡಿದಳು, ಅಪ್ಪನ ಬಟ್ಟೆ ನೋಡಿದಳು. ಫ್ಲಾಸ್ಕಿನ ಬಿಸಿನೀರನ್ನು ಬಕೆಟ್ಟಿಗೆ ಸುರಿದು ನಮ್ಮ ಕಾಲುಗಳನ್ನು ಅದರಲ್ಲಿಟ್ಟಳು. ಆಮೇಲೆ ಒಂದು ಕಡೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಸೋಮವಾರದ ಪತ್ರಿಕೆಯಲ್ಲಿ ಫೋಟೋ ಬಂತು. ಅಪ್ಪ ಗಾಡಿಯ ಪಕ್ಕ ಚೆನ್ನಾಗಿ ನಗುತ್ತಿದ್ದರು. ನಾವಿಬ್ಬರು ಎಲ್ಲೂ ಇರಲಿಲ್ಲ. ಅಮ್ಮ ಆ ಹಾಳೆಯನ್ನು ಮುದ್ದೆ ಮಾಡಿ ಅಕ್ಕನ ಒದ್ದೆ ಬೂಟಿನೊಳಗೆ ತುರುಕಿ ಒಣಗಲು ಇಟ್ಟಳು. ಅದೇ ಸಂಜೆ ಟಾಂಟ್ ಬಾಗಿಲು ತಟ್ಟಿದರು, ಕೈಯಲ್ಲಿ ನನ್ನ ಅಳತೆಯ ಒಂದು ಜೊತೆ ಹಳೆಯ ಬೂಟು. ಒಳಗೆ ಬಂದು ಕಾಫಿ ಕುಡಿದು ಎರಡು ಗಂಟೆ ಕೂತರು. ಹೋಗುವಾಗ, ಬುಧವಾರ ನೀವೆಲ್ಲ ನಮ್ಮ ಮನೆಗೆ ಬನ್ನಿ ಎಂದರು. ಅದರ ಮುಂದಿನ ವಾರ ಪಾಸ್ಟರ್ ಮನೆಯಿಂದ ಕರೆ ಬಂತು. ಆ ಚಳಿಗಾಲ ಮುಗಿಯುವುದರೊಳಗೆ ಅಮ್ಮ, ಈ ಊರಿನವರು ಎಷ್ಟು ಕಾಫಿ ಕುಡಿಸುತ್ತಾರಪ್ಪ, ನಿದ್ದೆಯೇ ಬರುವುದಿಲ್ಲ ಎಂದು ದೂರತೊಡಗಿದಳು.

ಈಗ ನನ್ನ ಮಗಳು ಇರುವುದು ಗೋಥೆನ್‌ಬರ್ಗ್‌ನಲ್ಲಿ. ಬಡಗಿ ಹಡಗು ಹತ್ತಿದ ನದಿ ಆ ಊರಿನ ನಡುವೆಯೇ ಹರಿಯುತ್ತದೆ. ನನ್ನ ಮೊಮ್ಮಗಳಿಗೂ ಎಂಟು ತುಂಬಿ ಒಂಬತ್ತು. ಶಾಲೆ ಮುಗಿಸಿಕೊಂಡು ಅವಳು ತಮ್ಮನ ಕೈ ಹಿಡಿದು ದೋಣಿಯಲ್ಲಿ ನದಿ ದಾಟಿ, ಆಚೆ ದಡದ ಲಿಂಡ್‌ಹೋಲ್ಮೆನ್‌ನಲ್ಲಿರುವ ತನ್ನ ಅಮ್ಮನ ಆಫೀಸಿಗೆ ಹೋಗುತ್ತಾಳೆ. ಕೆಲವೇ ನಿಮಿಷದ ದಾರಿ. ದೋಣಿ ಮೂರು ನಿಮಿಷ ತಡವಾದರೆ ಅವಳಿಗೆ ಸಿಟ್ಟು ಬರುತ್ತದೆ. ಆ ನದಿಯಿಂದ ಹೊರಟ ಬಡಗಿ ತಲುಪಿದನೋ ಇಲ್ಲವೋ ಎಂದು ಅವನ ತಾಯಿಗೆ ಬಿತ್ತನೆಯಿಂದ ಹಿಮ ಬೀಳುವ ತನಕ ಗೊತ್ತಿರಲಿಲ್ಲವಂತೆ. ಮೊಮ್ಮಗಳು ಆ ದಡದಲ್ಲಿ ಇಳಿದ ಕೂಡಲೇ ನನ್ನ ಫೋನಿಗೆ ಒಂದೇ ಪದ ಕಳಿಸುತ್ತಾಳೆ: ‘ಫ್ರಮ್ಮೆ’. ತಲುಪಿದೆವು ಎಂದು ಅರ್ಥ. ದಿನಾ ಇದೇನು ಕಾಟ ಅಜ್ಜಿ, ಎದುರಿನ ದಡ ತಾನೇ ಎನ್ನುತ್ತಾಳೆ. ಆದರೂ ಕಳಿಸುತ್ತಾಳೆ. ನಾನು ಕನ್ನಡದಲ್ಲಿ ‘ಸರಿ ಮಗಾ’ ಎಂದು ಬರೆಯುತ್ತೇನೆ. ಅವಳು ಇನ್ನೂ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ, ಬಹಳಷ್ಟು ಓದಲು ಬರುವುದಿಲ್ಲ. ಆ ಎರಡು ಪದ ಮಾತ್ರ ಅವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.